ಆನೆ ಗೇಟೂ ಅಂಬವ್ವನ ಮೊರವೂ

ಮನೆಯೊಳಗೆ ಮನುಷ್ಯ ತಾನು ಹೇಗಿದ್ದಾನೋ ಹಾಗೆಯೇ ಇರುತ್ತಾನೆ. ಹರಿದ ಬನಿಯನ್, ಕಾಲು ಮುರಿದ ಕುರ್ಚಿ, ನಿನ್ನೆಯ ಸಾರು, ಯಾವುದಕ್ಕೂ ಅಲ್ಲಿ ನಾಚಿಕೆಯಿಲ್ಲ. ಸುಳ್ಳು ಶುರುವಾಗುವುದು ಗೇಟಿನಿಂದ. ಬೀದಿಯಲ್ಲಿ ಹೋಗುವವರಿಗೆ ಕಾಣುವುದು ಅದೊಂದೇ ಆದ್ದರಿಂದ, ನಾವು ಎಷ್ಟು ದೊಡ್ಡವರೆಂದು ಹೇಳಿಕೊಳ್ಳಬೇಕೆಂಬ ಆಸೆಯಿದೆಯೋ ಅಷ್ಟನ್ನೂ ಅದರ ಬಾಯಿಂದಲೇ ಹೇಳಿಸುತ್ತೇವೆ. ನಾನು ಹನ್ನೆರಡು ಅಡಿ ಹೇಳಿಸಿದೆ. ನನ್ನ ಹತ್ತಿರ ಆಗ ಇದ್ದದ್ದು ಒಂದು ಹಳೆಯ ಸ್ಕೂಟರು. ಎಡಕ್ಕೆ ವಾಲಿಸಿ ಒದ್ದರೆ ಶುರುವಾಗುತ್ತಿತ್ತು, ಬಲಕ್ಕೆ ವಾಲಿಸಿದರೆ ಪೆಟ್ರೋಲು ಸೋರುತ್ತಿತ್ತು.

ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ, ಮನೆ ಹೊಸಪೇಟೆಯಲ್ಲಿ. ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹಗಲೂ ರಾತ್ರಿ ನಮ್ಮೂರು ದಾಟಿ ಹೋಗುತ್ತಿದ್ದವು. ಒಗೆದು ಹಾಕಿದ ಬಿಳೀ ಅಂಗಿ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ಹೀಗಾಗಿ ನಮ್ಮ ಬೀದಿಯವರೆಲ್ಲ ಸಂಸಾರ ಬಿಡದೆಯೇ ಸನ್ಯಾಸಿಗಳಾಗಿದ್ದೆವು, ವೈರಾಗ್ಯ ಮಾತ್ರ ಒಬ್ಬರಿಗೂ ಬಂದಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ಬಸ್ಸಿನಲ್ಲಿ ನನ್ನ ಪಕ್ಕ ನಿಂತು ಜೋಲಿ ಹೊಡೆಯುತ್ತಿದ್ದವರು ದೊಡ್ಡ ದೊಡ್ಡ ಬಿಳೀ ಕಾರು ತಂದರು. ಕಾರಿನ ಹಿಂದೆಯೇ ಗೇಟು ಬರುತ್ತಿತ್ತು. ಒಬ್ಬರದು ಸಿಂಹದ ಮುಖದ್ದು, ಇನ್ನೊಬ್ಬರದು ಈಟಿಯ ಮೊನೆಗಳದ್ದು. ಮೂಲೆಮನೆಯವರದಂತೂ ಎಷ್ಟು ಎತ್ತರವೆಂದರೆ, ಅದರ ಹಿಂದೊಂದು ಮನೆಯಿದೆ ಎಂಬುದನ್ನು ಕುಕ್ಕರಿನ ಸೀಟಿ ಕೇಳಿಯೇ ತಿಳಿಯಬೇಕಿತ್ತು.

ನಮ್ಮದು ಸೊಂಟದ ಎತ್ತರದ ಹಳೆಯ ಕಬ್ಬಿಣದ ಗೇಟು. ಚಿಲಕ ಎಂದೋ ಉದುರಿಹೋಗಿ ತಂತಿಯ ಕುಣಿಕೆ ಹಾಕಿದ್ದೆವು. ಆ ಕುಣಿಕೆ ಬಿಚ್ಚಲು ಬಾರದವರೆಂದರೆ ನಮ್ಮ ನೆಂಟರು ಮಾತ್ರ, ಓಣಿಯ ಆಡುಗಳೆಲ್ಲ ಕಲಿತಿದ್ದವು. ಗೇಟಿನ ಪಕ್ಕದಲ್ಲಿ ಕಾಂಪೌಂಡಿಗೆ ಆತು ಬೀದಿಯ ಕಡೆಗೊಂದು ಕಲ್ಲಿನ ಕಟ್ಟೆ. ಮನೆ ಕಟ್ಟಿದ ಹಿಂದಿನವರು ಮಾಡಿಸಿದ್ದು. ನಾಲ್ಕು ಗಂಟೆಯ ಬಿಸಿಲು ಇಳಿದ ಕೂಡಲೇ ನನ್ನ ಹೆಂಡತಿ ನಾಗರತ್ನ ಕಂಪ್ಲಿ ಅಕ್ಕಿಯ ಮೊರ ಹಿಡಿದು ಅಲ್ಲಿ ಕೂರುತ್ತಿದ್ದಳು. ಎದುರು ಮನೆಯ ಅಂಬವ್ವ ತನ್ನ ಮೊರದಲ್ಲಿ ಶೇಂಗಾ ತರುತ್ತಿದ್ದಳು. ಅಂಬವ್ವ ರೊಟ್ಟಿ ಮಾಡಿ ಮಾರುವ ಹೆಂಗಸು, ಓಣಿಯ ಮುಕ್ಕಾಲು ಮಂದಿಗೆ ಬುದ್ಧಿ ಹೇಳುವ ಹಿರಿಯಳು. ಇವರಿಬ್ಬರು ಕೂತರೆಂದರೆ ಅತ್ತೆಯ ಮೇಲೆ ಸಿಟ್ಟಾದ ಸೊಸೆ, ಸೊಸೆಯ ಮೇಲೆ ಸಿಟ್ಟಾದ ಅತ್ತೆ, ಸುಮ್ಮನೆ ಬೇಸರವಾದವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಕಲ್ಲು ಆರಿಸಿದ ಅಕ್ಕಿ ಎಷ್ಟೋ ನನಗೆ ಗೊತ್ತಿಲ್ಲ. ನಮ್ಮ ಅನ್ನದಲ್ಲಿ ಕಲ್ಲು ತಪ್ಪಿದ ದಿನವಿರಲಿಲ್ಲ, ಆದರೆ ಓಣಿಯ ಒಂದು ಸುದ್ದಿಯೂ ಅವರ ಮೊರದಿಂದ ತಪ್ಪಿಸಿಕೊಂಡಿರಲಿಲ್ಲ.

ನನ್ನ ತಲೆಗೆ ಗೇಟಿನ ಹುಳ ಬಿಟ್ಟವನು ನನ್ನ ಹೆಂಡತಿಯ ತಮ್ಮ ವೀರೇಶ. ತೋರಣಗಲ್ಲಿನಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದವನು ನಮ್ಮ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ತಿಂದು ಮಲಗುವ ರೂಢಿ. ಕಬ್ಬಿಣದ ನಡುವೆ ಇರುವವನಾದ್ದರಿಂದ ಕಬ್ಬಿಣದ ವಿಷಯದಲ್ಲಿ ಅವನ ಮಾತೇ ಕೊನೆ. ಕಟ್ಟಿಗೆಯ ಗೇಟಿಗೆ ಗೆದ್ದಲು ಹಿಡಿಯುತ್ತದೆ ಎಂದ. ಪೈಪಿನದ್ದಾದರೆ ಧೂಳೂ ಬರುತ್ತದೆ, ಮಂದಿಯ ಕಣ್ಣೂ ಬರುತ್ತದೆ ಎಂದ. ಗೇಟು ಅಂದರೆ ದಪ್ಪ ಶೀಟಿನದಿರಬೇಕು, ಮುಚ್ಚಿದರೆ ಗುಡುಗು ಗುಡುಗಿದ ಹಾಗೆ ಸಪ್ಪಳವಾಗಬೇಕು, ಆ ಸಪ್ಪಳಕ್ಕೇ ಒಳಗಿರುವವರು ಯಾರೋ ಏನೋ ಎಂದು ಮಂದಿ ಗೌರವ ಕೊಡುತ್ತಾರೆ ಎಂದ. ಮೂವತ್ತು ಹುಡುಗರ ಕ್ಲಾಸಿನಲ್ಲಿ ಮೇಜು ಗುದ್ದಿದರೂ ಯಾರೂ ತಿರುಗಿ ನೋಡದ ನನಗೆ ಆ ಸಪ್ಪಳದ ಮಾತು ಬಹಳ ಹಿಡಿಸಿತು.

ವೆಲ್ಡಿಂಗಿನ ಖಾಜಾ ಟೇಪು ಹಿಡಿದು ಬಂದ. ಅವನ ಒಂದು ಕಿವಿ ಸದಾ ಮೊಬೈಲಿನಲ್ಲಿ, ಇನ್ನೊಂದು ಕಿವಿ ಮಾತ್ರ ಗಿರಾಕಿಯದು. ಜಾಗ ನೋಡುವ ಮೊದಲೇ ಆತ ಕೇಳಿದ್ದು, "ಗಾಡಿ ಯಾವ್ದು ಸರ?" ನಾನು ಸ್ಕೂಟರಿನ ಕಡೆ ನೋಡಿದೆ. ಆಗ ತಾನೇ ಅದರ ಕೆಳಗೆ ಪೆಟ್ರೋಲಿನ ಹನಿಯೊಂದು ಬಿತ್ತು. ಸ್ಕೂಟರು ಎನ್ನಲು ನಾಲಗೆ ಏಳಲಿಲ್ಲ. ಮುಂದೆ ಬರುತ್ತದೆ ಎಂದುಬಿಟ್ಟೆ. ಹಾಗಿದ್ದರೆ ಹನ್ನೆರಡು ಅಡಿಯೇ ಆಗಲಿ, ಮುಂದೆ ಬರುವುದು ಎಷ್ಟು ದೊಡ್ಡದೋ ಯಾರು ಕಂಡಿದ್ದಾರೆ ಎಂದ ಖಾಜಾ, ಟೇಪು ಎಳೆದ. ಎಳೆದ ಟೇಪು ಗೇಟು ದಾಟಿ, ಕಾಂಪೌಂಡು ದಾಟಿ, ಕಟ್ಟೆಯ ಆ ತುದಿಗೆ ಹೋಗಿ ನಿಂತಿತು. ಕಟ್ಟೆ ಒಡೆಯಬೇಕಾಗುತ್ತದೆ ಎಂದು ಅವನು ಹೇಳುವ ಅಗತ್ಯವೇ ಇರಲಿಲ್ಲ.

ನಾಗರತ್ನಳಿಗೆ ಹೇಳಿದೆ. ಜಗಳವಾಡುತ್ತಾಳೆಂದು ನಾಲ್ಕಾರು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ, ಅವೆಲ್ಲ ವ್ಯರ್ಥವಾದವು. "ಗೇಟು ನಿಮ್ದು. ಕಟ್ಟೆ ಮಂದೀದು. ಮಂದೀನ ಕೇಳ್ರಿ," ಎಂದಳು. ಮಂದಿಯನ್ನು ಕೇಳಲು ನನಗೇನು ಹುಚ್ಚೇ? ಒಳಗಡೆಯೇ ಅಂಗಳಕ್ಕೆ ನುಣುಪಾದ ಕಲ್ಲು ಹಾಕಿಸಿಕೊಡುತ್ತೇನೆ, ಧೂಳಿಲ್ಲದೆ ತಂಪಾಗಿ ಕೂತು ಮಾತಾಡಿ ಎಂದೆ. ಒಳಗೆ ಯಾರು ಬರುತ್ತಾರೆ ಎಂದು ಕೇಳಿ ಒಲೆಯ ಕಡೆ ತಿರುಗಿಕೊಂಡಳು. ಬಾರದೆ ಏನು, ದೂರದ ಊರೇ, ಮೂರು ಹೆಜ್ಜೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಚಿತ್ರ ನಾನೇ ಬರೆದುಕೊಟ್ಟೆ. ಡ್ರಾಯಿಂಗ್ ಮಾಸ್ತರ ತನ್ನ ಮನೆಯ ಗೇಟಿಗೆ ಬೇರೆಯವರ ಸಿಂಹ ಹಾಕಿಸಿಕೊಂಡರೆ ವೃತ್ತಿಗೇ ಅವಮಾನ. ಎರಡು ಕದ, ಕದಕ್ಕೊಂದು ಆನೆ. ಹಂಪಿಯ ಗೋಡೆಗಳಲ್ಲಿ ಸಾಲುಸಾಲಾಗಿ ಹೋಗುವ ಆನೆಗಳನ್ನು ಭಾನುವಾರವೆಲ್ಲ ಬಿಸಿಲಲ್ಲಿ ಕೂತು ಬರೆದುಕೊಂಡು ಬಂದಿದ್ದೆ. ಸೊಂಡಿಲೆತ್ತಿ ಎದುರುಬದುರು ನಿಂತು ಬಂದವರಿಗೆ ನಮಸ್ಕಾರ ಮಾಡುವ ಆನೆಗಳು. ಖಾಜಾ ಅವನ್ನು ಶೀಟಿನ ಮೇಲೆ ಸರಳು ಬಗ್ಗಿಸಿ ಕೂಡಿಸಿದ. ಬಲಗಡೆಯದು ಹೆಚ್ಚುಕಡಿಮೆ ಆನೆಯೇ ಆಯಿತು. ಎಡಗಡೆಯದಕ್ಕೆ ಸರಳು ಸಾಲದೆ ಸೊಂಡಿಲು ಗಿಡ್ಡವಾಗಿ, ಎಮ್ಮೆಯೊಂದು ಆಕಾಶಕ್ಕೆ ಮೂತಿ ಎತ್ತಿದಂತಿತ್ತು. ದೂರದಿಂದ ನೋಡ್ರಿ ಸರ, ಆನೆ ಆಗುತ್ತದೆ ಎಂದು ಅವನು ಸಮಾಧಾನ ಹೇಳಿದ. ನಾನು ಬೀದಿಯ ಆಚೆ ತುದಿಗೆ ಹೋಗಿ ನೋಡಿದೆ, ಎಮ್ಮೆಯೇ ಇತ್ತು.

ಆದರೂ ಕಟ್ಟೆ ಒಡೆದು ಗೇಟು ನಿಲ್ಲಿಸಿದ ದಿನದ ನನ್ನ ಸಂಭ್ರಮ ಸುಳ್ಳಲ್ಲ. ಕಾಯಿ ಒಡೆದೆವು, ನಿಂಬೆಹಣ್ಣು ಕಟ್ಟಿದೆವು. ವೀರೇಶ ಜೋರಾಗಿ ಮುಚ್ಚಿ ಗುಡುಗು ಕೇಳಿಸಿದ. ಆ ಗುಡುಗಿಗೆ ಎದುರು ಮನೆಯ ಅಂಬವ್ವ ಹೊರಗೆ ಬಂದು ನೋಡಿ ಒಳಗೆ ಹೋದಳು. ಕಷ್ಟ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಒಂದು ಕದ ತಳ್ಳಬೇಕಾದರೆ ಭುಜ ಕೊಟ್ಟು, ಕಾಲು ಊರಿ, ಹಲ್ಲು ಕಚ್ಚಬೇಕು. ತಳ್ಳಿ ಮುಗಿದ ಮೇಲೆ ಸ್ಕೂಟರು ಒದೆಯಲು ಕಾಲಿನಲ್ಲಿ ಕಸುವು ಉಳಿಯುತ್ತಿರಲಿಲ್ಲ. ಹನ್ನೆರಡು ಅಡಿಯ ಬಾಗಿಲಲ್ಲಿ ನನ್ನ ಸ್ಕೂಟರು ಹೊರಬೀಳುವುದನ್ನು ನೋಡಿದವರು, ಅದರ ಹಿಂದೆ ಇನ್ನೇನೋ ಬರಲಿಕ್ಕಿದೆ ಎಂದು ಸ್ವಲ್ಪ ಹೊತ್ತು ಕಾದು ಹೋಗುತ್ತಿದ್ದರು.

ಸಂಜೆ ಅಂಗಳದ ಹೊಸ ಕಲ್ಲಿನ ಮೇಲೆ ಕೂರಲು ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನೇ ಹೋಗಿ ಅಂಬವ್ವನನ್ನು ಕರೆದೆ. ಬಂದಳು, ಆದರೆ ತಲೆ ಬಾಚಿಕೊಂಡು, ಸೀರೆ ಬದಲಿಸಿಕೊಂಡು ಬಂದಳು. ಮೊರ ತಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಚಹಾ ಕುಡಿದು, ಗೇಟು ಚಲೋ ಆಗಿದೆ ಎಂದು ಹೇಳಿ, ಎಲೆ ಅಡಿಕೆ ತೆಗೆದುಕೊಂಡು ಹೋದಳು. ಆಗ ನನಗೆ ನಿಧಾನವಾಗಿ ತಿಳಿಯಿತು. ಕಟ್ಟೆಯ ಮೇಲೆ ಕೂತವರು ಯಾರ ಮನೆಗೂ ಬಂದವರಲ್ಲ. ಅವರಿಗೆ ಚಹಾ ಕೊಡಬೇಕಾಗಿಲ್ಲ, ಬನ್ನಿ ಎನ್ನಬೇಕಾಗಿಲ್ಲ, ಎದ್ದು ಹೋಗಲು ಕಾರಣ ಹೇಳಬೇಕಾಗಿಲ್ಲ. ಗೇಟು ದಾಟಿದರೆ ಅದೇ ಅಂಬವ್ವ ನೆಂಟಳಾಗುತ್ತಾಳೆ. ಅತ್ತೆಯ ಮೇಲೆ ಸಿಟ್ಟಾದ ಸೊಸೆ ನೆಂಟಳಾಗಿ ಬಂದು ಅತ್ತೆಯನ್ನು ಬೈಯುವುದು ಹೇಗೆ? ಅದಕ್ಕೆ ಕಟ್ಟೆಯೇ ಬೇಕು.

ನಾಗರತ್ನಳಿಗೆ ಇನ್ನು ಮಾತಾಡಲು ಉಳಿದವನು ನಾನೊಬ್ಬ. ಶಾಲೆಯಿಂದ ಬಂದ ಕೂಡಲೇ ಶೇಂಗಾ ನನ್ನ ಮುಂದೆ ಬರುತ್ತಿತ್ತು. ನಾನು ಸುಲಿದರೆ ಬೀಜ ಸಿಪ್ಪೆಯ ಕಡೆಗೆ, ಸಿಪ್ಪೆ ಬೀಜದ ಕಡೆಗೆ ಬೀಳುತ್ತಿತ್ತು. ಮೂಲೆಮನೆಯ ಹುಡುಗಿಯನ್ನು ನೋಡಲು ಗಾದಿಗನೂರಿನಿಂದ ಬಂದಿದ್ದರಲ್ಲ, ಏನಾಯಿತಂತೆ ಎಂದು ಕೇಳುವಳು. ಗೊತ್ತಿಲ್ಲ ಎನ್ನುವೆ. ಟೇಲರನ ಹೆಂಡತಿ ತವರಿಂದ ಬಂದಳೇ? ಗೊತ್ತಿಲ್ಲ. ನಿಮಗೇನು ಗೊತ್ತು ಎಂದು ಒಂದು ದಿನ ಕೇಳಿದಳು. ಬಣ್ಣಗಳ ಮಿಶ್ರಣದ ಬಗ್ಗೆ ಹೇಳಲು ಹೋದೆ, ಎದ್ದು ಒಳಗೆ ಹೋದಳು. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟಳು. ಶೀಟಿನ ಗೇಟಿಗೂ ನೆಲಕ್ಕೂ ನಡುವೆ ಒಂದು ಗೇಣು ಸಂದಿತ್ತು. ಒಂದು ಸಂಜೆ ನೋಡುತ್ತೇನೆ, ಅಂಗಳದ ಆ ನುಣುಪು ಕಲ್ಲಿನ ಮೇಲೆ ಒಬ್ಬಳೇ ಕೂತು ಆ ಸಂದಿಯನ್ನೇ ನೋಡುತ್ತಿದ್ದಾಳೆ. ಯಾರವೋ ಪಾದಗಳು ಹಾದುಹೋದವು. "ಅಂಬವ್ವನ ಚಪ್ಲಿ," ಎಂದಳು, ನನಗಲ್ಲ, ತನಗೇ. ಧೂಳು ಬಾರದಿರಲೆಂದು ಹಾಕಿಸಿದ ಗೇಟು. ಧೂಳು ಮೇಲಿಂದ ಹಾರಿ ಬರುತ್ತಲೇ ಇತ್ತು, ಬಾರದೆ ನಿಂತವರು ಮನುಷ್ಯರು ಮಾತ್ರ.

ಆದರೂ ಗೇಟು ತೆಗೆಸುವ ಧೈರ್ಯ ನನಗಿರಲಿಲ್ಲ. ಓಣಿಯೆಲ್ಲ ನೋಡಿದ ಗೇಟು. ವೀರೇಶನಿಗೆ ಏನು ಹೇಳುವುದು? ಆನೆಗಳ ಗತಿಯೇನು? ಕೊನೆಗೆ ನನ್ನ ಮರ್ಯಾದೆ ಉಳಿಸಿದ್ದು ಆ ಎಡಗಡೆಯ ಎಮ್ಮೆ. ಭಾರ ತಾಳದೆ ಅದರ ಕಂಬ ಬಿರುಕು ಬಿಟ್ಟು, ಮೇಲಿನ ಕೀಲು ಕಿತ್ತುಕೊಂಡು, ಒಂದು ಬೆಳಿಗ್ಗೆ ಕದ ಪೂರ್ತಿ ಬೀದಿಗೆ ವಾಲಿ ನಿಂತಿತು. ಚಹಾದಂಗಡಿಯಲ್ಲಿದ್ದವರನ್ನು ಕೂಗಿ ಕರೆದು, ಎಲ್ಲರೂ ಸೇರಿ ಏದುಸಿರು ಬಿಡುತ್ತ ಕದವನ್ನು ಇಳಿಸಿದೆವು. ಎಲ್ಲಿಡುವುದು? ಒಡೆದ ಕಟ್ಟೆಯ ಸೈಜುಗಲ್ಲುಗಳು ಹೊರಗಡೆ ಕಾಂಪೌಂಡಿನ ಬುಡದಲ್ಲೇ ಬಿದ್ದಿದ್ದವು. ಅವುಗಳ ಮೇಲೆ ಆನೆ ಮೇಲ್ಮುಖವಾಗಿ ಮಲಗಿತು. ಖಾಜಾನಿಗೆ ಫೋನು ಮಾಡಿದರೆ ಅವನು ಸಂಡೂರಿನ ಕಡೆ ಟಿಪ್ಪರುಗಳ ಮೈ ಹೊಲಿಯುತ್ತಿದ್ದ. ನಾಳೆ ಬಂದೆ ಸರ ಎಂದ. ಆ ಕಾಲದಲ್ಲಿ ವೆಲ್ಡಿಂಗಿನವರ ನಾಳೆಗೆ ಪಂಚಾಂಗದಲ್ಲಿ ಜಾಗವಿರಲಿಲ್ಲ. ದಿನಾ ಫೋನು ಮಾಡಿದೆ, ದಿನಾ ಬೈದೆ.

ಒಂದು ಸಂಜೆ ಶಾಲೆಯಿಂದ ಬರುವಾಗ ಅಂಬವ್ವ ಆ ಕದದ ಮುಂದೆ ನಿಂತಿದ್ದಳು. ಚಪ್ಪಲಿ ಬಿಟ್ಟು, ಕೈಯಿಂದ ಆನೆಯ ಬೆನ್ನು ಒತ್ತಿ ನೋಡಿ, ಗಟ್ಟಿಯಿದೆಯೆಂದು ಖಾತ್ರಿಯಾದ ಮೇಲೆ ಕೂತಳು. ಮಡಿಲಲ್ಲಿ ಮೊರ. ನಾನು ನೋಡುತ್ತಿರುವುದನ್ನು ಕಂಡು, "ಇದು ಹೊರಗ ಐತಲ್ರಿ ಮಾಸ್ತರ, ಒಳಗೇನಲ್ಲ," ಎಂದು ಕಾನೂನು ಹೇಳಿದಳು. ನಾನು ಒಳಗೆ ಹೋಗಿ ಹೇಳುವ ಮೊದಲೇ ನಾಗರತ್ನ ಅಕ್ಕಿ ಮೊರಕ್ಕೆ ಸುರಿದುಕೊಂಡು ಹೊರಟಾಗಿತ್ತು. ಶೀಟು ಬಿಸಿಯಿರುತ್ತದೆಂದು ಮರುದಿನ ಗೋಣಿತಾಟು ಬಂತು. ಅದರ ಮರುದಿನ ಸೊಸೆ ಬಂದಳು, ಆಮೇಲೆ ಅವಳ ಅತ್ತೆಯೂ ಬಂದಳು. ನಾನು ಒಳಗೆ ಮಕ್ಕಳ ಚಿತ್ರಗಳಿಗೆ ಅಂಕ ಹಾಕುತ್ತಿದ್ದೆ. ಹೊರಗೆ ನಾಗರತ್ನ ನಕ್ಕದ್ದು ಕೇಳಿಸಿತು, ಹೊಟ್ಟೆ ಹಿಡಿದುಕೊಂಡು ನಗುವ ಅವಳ ಆ ನಗು. ಎಷ್ಟು ದಿನವಾಗಿತ್ತು ಅದನ್ನು ಕೇಳಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈಯಲ್ಲಿದ್ದ ಹಾಳೆಯಲ್ಲಿ ಹುಡುಗನೊಬ್ಬ ಬರೆದ ಬಾಳೆಗಿಡ ಛತ್ರಿಯಂತಿದ್ದರೂ ಪೂರ್ತಿ ಅಂಕ ಕೊಟ್ಟುಬಿಟ್ಟೆ.

ಖಾಜಾನ ನಾಳೆ ಬಂದದ್ದು ಸರಿಯಾಗಿ ಸಂಜೆ ಹೊತ್ತಿಗೆ. ಆಟೋದಲ್ಲಿ ವೆಲ್ಡಿಂಗ್ ಮೆಷಿನ್ನು, ಜೊತೆಗೆ ಇಬ್ಬರು ಗಟ್ಟಿ ಆಳುಗಳು. ಏಳಿ ಅವ್ವಾರೇ, ಗೇಟು ಕೂಡಿಸಬೇಕು ಎಂದ. ಯಾರೂ ಏಳಲಿಲ್ಲ. ಎಲ್ಲರೂ ನಾಗರತ್ನಳ ಕಡೆ ನೋಡಿದರು. ಅವಳು ನನ್ನ ಕಡೆ ನೋಡಿದಳು. ಮೊರ ಆಡುವುದು ನಿಂತಿತ್ತು. ಫೋನಿನಲ್ಲಿ ದಿನಾ ಆ ಪಾಟಿ ಕೂಗಾಡಿದವನು ನಾನೇ.

"ಬ್ಯಾಡ ಖಾಜಾ," ಎಂದೆ. "ಅದು ಅಲ್ಲೇ ಇರ್ಲಿ. ಖಾಲಿ ಆದ ಈ ಕಡೆ ಸಣ್ಣದೊಂದು ಪೈಪಿನ ಗೇಟ್ ಹಾಕಿಬಿಡು."

"ಮುಂದ ಗಾಡಿ ಬರ್ತೈತಿ ಅಂದಿದ್ರಲ್ಲ ಸರ?"

"ಬಂದ್ರ ಬೀದ್ಯಾಗ ನಿಲ್ತೈತಿ."

ಖಾಜಾ ನನ್ನನ್ನು ಒಮ್ಮೆ, ಸ್ಕೂಟರನ್ನು ಒಮ್ಮೆ ನೋಡಿ ಮೊಬೈಲು ತೆಗೆದ. ಅಂಬವ್ವ ಮಾತ್ರ ಸುಮ್ಮನಿರಲಿಲ್ಲ. ಹೇಗೂ ಮೆಷಿನ್ ತಂದಿದ್ದೀಯಪ್ಪ, ಇದು ಅಳ್ಳಾಡುತ್ತದೆ, ನಾಲ್ಕು ಕಾಲು ಹಚ್ಚಿ ಹೋಗು ಎಂದಳು. ಹಾಗೆ ನನ್ನ ಆನೆಗೆ ಮೊದಲಿದ್ದ ನಾಲ್ಕರ ಜೊತೆಗೆ ಇನ್ನೂ ನಾಲ್ಕು ಕಾಲು ಬಂದವು. ಬಲಗಡೆಯದು ಇವತ್ತಿಗೂ ಒಂಟಿಯಾಗಿ ನಿಂತು, ಎದುರಿಗೆ ಯಾರೂ ಇಲ್ಲದಿದ್ದರೂ ಸೊಂಡಿಲೆತ್ತಿ ನಮಸ್ಕಾರ ಮಾಡುತ್ತಿರುತ್ತದೆ.

ಅನುಭವಸ್ಥನೆಂದು ಈಗ ಮಂದಿ ನನ್ನನ್ನೇ ಕೇಳುತ್ತಾರೆ, ಗೇಟಿಗೆ ಯಾವುದು ಒಳ್ಳೆಯದು, ಶೀಟೋ ಪೈಪೋ ಎಂದು. ಪೈಪು ಎಂದು ಧಾರಾಳವಾಗಿ ಹೇಳುತ್ತೇನೆ. ಗಾಳಿ ಬರುತ್ತದೆ, ಬೆಳಕು ಬರುತ್ತದೆ, ತಳ್ಳಲು ಕಿರುಬೆರಳು ಸಾಕು. ಒಂದು ತೊಂದರೆಯಿದೆ, ಅದನ್ನು ಮಾತ್ರ ಹೇಳುವುದಿಲ್ಲ. ಸಂಜೆ ನನ್ನ ಸ್ಕೂಟರು ಓಣಿಯ ತಿರುವಿಗೆ ಬಂದ ಕೂಡಲೇ ಆನೆಯ ಮೇಲಿನ ಮಾತು ನಿಲ್ಲುತ್ತದೆ. ಎಲ್ಲರೂ ಏಕಾಗ್ರತೆಯಿಂದ ಅಕ್ಕಿ ಆರಿಸುತ್ತಾರೆ. ನಾನು ಒಳಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಒಬ್ಬಳು ಕಿಸಕ್ಕೆನ್ನುತ್ತಾಳೆ, ನಂತರ ಎಲ್ಲರೂ. ಮಾತು ಯಾರದೆಂದು ಊಹಿಸಬೇಕಾಗಿಲ್ಲ. ಶೀಟಿನ ಗೇಟಿದ್ದಿದ್ದರೆ ಒಂದಕ್ಷರವೂ ಒಳಗೆ ಬರುತ್ತಿರಲಿಲ್ಲ. ಇದು ಪೈಪಿನದಲ್ಲವೇ, ನನ್ನ ಹೆಂಡತಿ ನನ್ನ ಬಗ್ಗೆ ಹೇಳುವುದೆಲ್ಲ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.