ಹಾವುಮೀನು ವಿಜ್ಞಾನಿಯ ಬಿಸ್ಕತ್ತು ಕಾರ್ಖಾನೆ

ಪ್ರೂಫಮ್ಮ ಕರುಣೆಯಿಲ್ಲದ ಹೆಂಗಸು. ಇದು ಬೀದಿಯವರ ಅಭಿಪ್ರಾಯ, ಅವಳದೂ ಅದೇ. ಪಠ್ಯಪುಸ್ತಕ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು. ತಪ್ಪು ಕಂಡರೆ ಅದು ಅಚ್ಚಿನದೋ ಮನುಷ್ಯರದೋ ಎಂದು ನೋಡದೆ ಗೆರೆ ಎಳೆಯುತ್ತಿದ್ದಳು. ತನ್ನ ತಾಯಿ ತೀರಿಕೊಂಡಾಗ ಬಂದ ಸಂತಾಪದ ಕಾಗದವನ್ನೂ ತಿದ್ದಿ, ಬರೆದವರಿಗೇ ಹಿಂದಿರುಗಿಸಿದ್ದಳು.

ಇಂಥವಳು ನಿವೃತ್ತಿಯಿಂದ ಕೇಳಿದ್ದು ಒಂದೇ ಒಂದು: ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸದ್ದಿಲ್ಲದ ಮನೆ. ಅದನ್ನು ಕಿತ್ತುಕೊಂಡದ್ದು ಸ್ವಂತ ಗಂಡ.

ಗಂಡ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಕಣ್ಣಿನ ಪೊರೆ ತೆಗೆದ ಡಾಕ್ಟರು ಒಂದು ತಿಂಗಳು ಏನೂ ಓದಬೇಡಿ ಎಂದರು. ಅಲ್ಲಿಯವರೆಗೆ ಅವರು ಏನನ್ನೂ ಓದುತ್ತಿದ್ದವರಲ್ಲ. ಬೇಡ ಎಂದದ್ದೇ ತಡ, ಜ್ಞಾನದಾಹ ಹೊತ್ತಿಕೊಂಡಿತು. ಮಗಳು ಫೋನಿನಲ್ಲಿ ಆಡಿಯೋ ಪುಸ್ತಕಗಳನ್ನು ತುಂಬಿಕೊಟ್ಟು ತನ್ನ ಪಾಡಿಗೆ ಹೋದಳು. ಇಯರ್‌ಫೋನ್ ಹಾಕಿಕೊಂಡರೆ ಇವರಿಗೆ ಕಿವಿ ಕಡಿಯುತ್ತದಂತೆ. ಹಾಗಾಗಿ ವಿಜ್ಞಾನ, ವ್ಯಾಪಾರ, ಮಹಾಪುರುಷರ ಜೀವನಚರಿತ್ರೆ ಎಲ್ಲವೂ ಆರಾಮಕುರ್ಚಿಯಿಂದ ಹೊರಟು ಅಡುಗೆಮನೆಯ ಪಾತ್ರೆಗಳ ನಡುವೆ ಮೊಳಗತೊಡಗಿದವು.

ಪುಸ್ತಕವನ್ನಾದರೂ ಸಹಿಸಬಹುದಿತ್ತು. ಅದು ಮುಗಿದ ಮೇಲೆ ಅಭಿಪ್ರಾಯ ಶುರುವಾಗುತ್ತಿತ್ತು. ಇಲಾಖೆ ಬಿಟ್ಟರೂ ಇನ್ಸ್‌ಪೆಕ್ಟರು ತಕ್ಕಡಿ ಬಿಟ್ಟಿರಲಿಲ್ಲ. ವಿಜ್ಞಾನದ ಪುಸ್ತಕವೊಂದಕ್ಕೆ ಸರಕು ಮುಕ್ಕಾಲು ಕಿಲೋ, ಪೊಟ್ಟಣ ಎರಡು ಕಿಲೋ ಎಂದು ತೀರ್ಪು ಕೊಟ್ಟರು. ವ್ಯಾಪಾರದ ಪುಸ್ತಕದವರು ಒಂದೇ ಮಾತನ್ನು ಹನ್ನೆರಡು ಅಧ್ಯಾಯಗಳಲ್ಲಿ ಹೇಳಿ ಹದಿಮೂರನೆಯದರಲ್ಲಿ ಸಾರಾಂಶ ಕೊಡುತ್ತಾರೆ ಎಂದು ಗೊಣಗಿದರು (ಈ ಗೊಣಗಾಟವನ್ನು ಅವಳು ಅಷ್ಟೇ ಸಲ ಕೇಳಿದ್ದಳು). ಜೀವನಚರಿತ್ರೆಯ ನಾಯಕ ಹುಟ್ಟುವುದಕ್ಕೇ ಮೂರು ಗಂಟೆ ತೆಗೆದುಕೊಂಡರೆ ಬೆಳೆಯುವುದು ಯಾವಾಗ ಎಂದು ಊಟದ ತಟ್ಟೆಯ ಮುಂದೆ ಕೂತು ವಿಚಾರಣೆ ನಡೆಸಿದರು. ಒಬ್ಬ ವಾಚಕ ವಾಕ್ಯಕ್ಕೊಮ್ಮೆ ಎಂಜಲು ನುಂಗುತ್ತಾನೆಂದು ಅವನನ್ನು ಇಡಿಯಾಗಿ ತಳ್ಳಿಹಾಕಿದರು. ಆ ಒಂದರಲ್ಲಿ ಮಾತ್ರ ಗಂಡ-ಹೆಂಡತಿ ಒಮ್ಮತಕ್ಕೆ ಬಂದಿದ್ದರು.

ಇಷ್ಟೆಲ್ಲ ತೂಗುವವರು ಅರ್ಧ ಪುಸ್ತಕವನ್ನು ನಿದ್ದೆಯಲ್ಲೇ ಕೇಳುತ್ತಿದ್ದರು. ಎಚ್ಚರವಿದ್ದು ಪೂರ್ತಿ ಕೇಳುತ್ತಿದ್ದವಳು, ಬೇಡವೆಂದರೂ, ಅಡುಗೆಮನೆಯ ಪ್ರೂಫಮ್ಮ.

ಹಾಗಾಗಿ ಆ ಬುಧವಾರ ನಡೆದದ್ದು ಅವಳಿಗೊಬ್ಬಳಿಗೇ ಗೊತ್ತು. ಹಾವುಮೀನುಗಳು ಮೊಟ್ಟೆಯಿಡುವ ಜಾಗ ಹುಡುಕುತ್ತಾ ಆಯಸ್ಸು ಸವೆಸಿದ ವಿಜ್ಞಾನಿಯೊಬ್ಬನ ಪುಸ್ತಕ ನಡೆಯುತ್ತಿತ್ತು. ಇನ್ಸ್‌ಪೆಕ್ಟರು ಎಂಟನೇ ಅಧ್ಯಾಯದ ನಡುವೆ ನಿದ್ದೆಹೋದರು. ಪುಸ್ತಕ ಮುಗಿಯಿತು, ಫೋನು ತನ್ನಷ್ಟಕ್ಕೆ ಮುಂದಿನ ಪುಸ್ತಕಕ್ಕೆ ದಾಟಿತು. ಅದು ಬಿಸ್ಕತ್ತು ಕಾರ್ಖಾನೆಯ ಮಾಲೀಕನೊಬ್ಬನ ಜೀವನಚರಿತ್ರೆ, ಅಧ್ಯಾಯಗಳೆಲ್ಲ ಐದೈದು ನಿಮಿಷದವು. ಎರಡನ್ನೂ ಓದಿದವನು ಒಬ್ಬನೇ ವಾಚಕ. ಇವರು ಕಣ್ಣುಬಿಟ್ಟಾಗ ಹನ್ನೊಂದನೇ ಅಧ್ಯಾಯ, ಮಾಲೀಕ ಏಳನೇ ಕಾರ್ಖಾನೆ ತೆರೆದು ಭಾವಮೈದುನನನ್ನು ಹೊರಗೆ ಹಾಕುತ್ತಿದ್ದ. ಇನ್ಸ್‌ಪೆಕ್ಟರು ಹಾವುಮೀನಿನವನೇ ಬಿಸ್ಕತ್ತಿಗೆ ಇಳಿದನೆಂದು ತಿಳಿದು ಮೆಚ್ಚುಗೆಯಿಂದ ತಲೆದೂಗಿದರು.

ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಕೇಳುಗರ ಕೂಟದಲ್ಲಿ ಮಾತಾಡುವ ಸರದಿ ಅವರದೇ. ಈ ಪುಸ್ತಕವನ್ನೇ ಆರಿಸಿಕೊಂಡರು. ಪ್ರೂಫಮ್ಮ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಇಡೀ ಬೀದಿಯೆದುರು ಒಮ್ಮೆ ಮುಖಭಂಗವಾದರೆ ಫೋನು ಮೂಲೆ ಸೇರುತ್ತದೆ, ಮಧ್ಯಾಹ್ನಗಳು ವಾಪಸು ಬರುತ್ತವೆ. ಬದುಕಿನಲ್ಲಿ ಮೊದಲ ಬಾರಿಗೆ ಒಂದು ತಪ್ಪನ್ನು ಅವಳು ನಾಲ್ಕು ದಿನ ಮುಟ್ಟದೆ ಕಾಪಾಡಿದಳು.

ಭಾನುವಾರ ಇಸ್ತ್ರಿ ಮಾಡಿದ ಸೀರೆಯುಟ್ಟು ಎರಡನೇ ಸಾಲಿನಲ್ಲಿ ಕೂತಳು. ಇನ್ಸ್‌ಪೆಕ್ಟರು ಚೆನ್ನಾಗಿಯೇ ಮಾತಾಡಿದರು. ಹಾವುಮೀನಿಗಾಗಿ ಇಪ್ಪತ್ತು ವರ್ಷ ಕಾದ ತಾಳ್ಮೆಯೇ ಆತನನ್ನು ಬಿಸ್ಕತ್ತಿನಲ್ಲಿ ಗೆಲ್ಲಿಸಿತು, ವಿಜ್ಞಾನವೂ ವ್ಯಾಪಾರವೂ ಒಂದೇ ಮನುಷ್ಯನಲ್ಲಿ ಹೀಗೆ ಕೂಡಿದ್ದನ್ನು ತಾವು ಬೇರೆಲ್ಲೂ ಕೇಳಿಲ್ಲ ಎಂದರು. (ಯಾರೂ ಕೇಳಿರಲಿಲ್ಲ.) ಇಬ್ಬರು ಬರೆದುಕೊಂಡರು. ಆಗ ಕೂಟದಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರು ಎದ್ದು ನಿಂತರು.

"ಇನ್ಸ್‌ಪೆಕ್ಟರೇ, ಆ ಪುಸ್ತಕ ನಾನೂ ಕೇಳಿದೀನಿ. ಬಿಸ್ಕತ್ತು ಎಲ್ಲಿ ಬಂತು ಅದರಲ್ಲಿ?"

"ಹನ್ನೊಂದನೇ ಅಧ್ಯಾಯದಲ್ಲಿ."

"ಇರೋದೇ ಒಂಬತ್ತು ಅಧ್ಯಾಯ."

ಯಾರೋ ಕಿಸಕ್ಕೆಂದರು. ಇನ್ಸ್‌ಪೆಕ್ಟರು ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ನೋಡಿದರು. ಹಿಂದೆ ಏನೂ ಬರೆದಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಳ್ಳತೊಡಗಿದರು, ಒರೆಸುತ್ತಲೇ ಇದ್ದರು. ಪ್ರೂಫಮ್ಮ ನಾಲ್ಕು ದಿನದಿಂದ ಕಾದಿದ್ದ ಗಳಿಗೆ ಅದೇ. ಇನ್ನು ಅವಳು ಸುಮ್ಮನೆ ಕೂತಿದ್ದರೆ ಸಾಕಿತ್ತು.

"ಹನ್ನೊಂದರಲ್ಲೇ ಇದೆ, ಡಾಕ್ಟರೇ," ಎಂದಳು. "ನಾನೂ ಕೇಳಿದೀನಿ. ನೀವು ಕೇಳಿದ್ದು ಸಂಕ್ಷಿಪ್ತ ಆವೃತ್ತಿ ಇರಬೇಕು."

ಸಭೆ ಡಾಕ್ಟರ ಕಡೆ ತಿರುಗಿತು. ಆ ಕೂಟದಲ್ಲಿ ಸಂಕ್ಷಿಪ್ತ ಆವೃತ್ತಿ ಕೇಳುವುದೆಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆ. ಹೇಳಿದವಳು ಪ್ರೂಫಮ್ಮ ಆದ್ದರಿಂದ ಇನ್ನೊಂದು ಮಾತಿಗೆ ಜಾಗವಿರಲಿಲ್ಲ. ತಮ್ಮ ಮೇಲೇ ಅನುಮಾನ ಬಂದು ಡಾಕ್ಟರು ಕೂತುಬಿಟ್ಟರು. ಗ್ರಂಥಪಾಲಕಿಗೆ ಬಹಳ ಸಂತೋಷವಾಯಿತು. ದಂಪತಿಗಳು ಜೊತೆಗೂಡಿ ಕೇಳುವುದು ಎಷ್ಟು ಚಂದ ಎಂದು, ಮುಂದಿನ ತಿಂಗಳಿಗೆ ಇಬ್ಬರ ಹೆಸರನ್ನೂ ಬರೆದುಕೊಂಡರು. ಪುಸ್ತಕ ಸಿಮೆಂಟಿನ ಇತಿಹಾಸ, ಇಪ್ಪತ್ತೆರಡು ಗಂಟೆ.

ಮನೆಗೆ ಬರುವ ದಾರಿಯಲ್ಲಿ ಇನ್ಸ್‌ಪೆಕ್ಟರ ನಡಿಗೆಯ ಪ್ರಾಯ ಹತ್ತು ವರ್ಷ ಇಳಿದಿತ್ತು.

"ನೋಡಿದ್ಯೇನೇ, ಸಂಕ್ಷಿಪ್ತ ಕೇಳ್ಕೊಂಡು ನನ್ನ ಹತ್ರ ವಾದಕ್ಕೆ ಬರ್ತಾರೆ."

"ರೀ, ಸುಮ್ನೆ ನಡೀರಿ."

ಸೋಮವಾರ ಎರಡು ಗಂಟೆಗೆ ಸಿಮೆಂಟು ಶುರುವಾಯಿತು. ಎಂಜಲು ನುಂಗುವವನೇ ವಾಚಕ. ಸುಣ್ಣದ ಕಲ್ಲು ಬೆಂದು ಪುಡಿಯಾಗುವಷ್ಟರಲ್ಲಿ ಇನ್ಸ್‌ಪೆಕ್ಟರ ಬಾಯಿ ತೆರೆದುಕೊಂಡಿತು. ಪ್ರೂಫಮ್ಮ ಪಾತ್ರೆ ಒರೆಸುತ್ತಾ ಇನ್ನೂ ಅರ್ಧ ಗಂಟೆಯ ಮರಳನ್ನೂ ಜಲ್ಲಿಯನ್ನೂ ಒಬ್ಬಳೇ ಕೇಳಿದಳು. ಆಮೇಲೆ ಬಂದು ಫೋನು ನಿಲ್ಲಿಸಿದಳು. ಮನೆ ತೆಪ್ಪಗಾಯಿತು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು.

ಮೂರೂವರೆಗೆ ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಮಗ್ಗುಲು ಬದಲಿಸಿದರು, ರೆಪ್ಪೆ ಅಲುಗಿತು. ಅವಳು ಎದ್ದು, ಮೊದಲ ಗೊರಕೆ ಕೇಳಿಸಿದ ಜಾಗಕ್ಕೆ ಸಿಮೆಂಟನ್ನು ಹಿಂದಕ್ಕೆ ಸರಿಸಿ, ಅವರು ಕಣ್ಣು ಬಿಡುವ ಮೊದಲೇ ಗುಂಡಿ ಒತ್ತಿದಳು.