ಅಮೆರಿಕದ ಮುಯ್ಯಾಳು

ನಾನು ಅಮೆರಿಕಕ್ಕೆ ಹೋಗುವುದು ಖಚಿತವಾಗಿತ್ತು. ಅದು ಅಮೆರಿಕದವರಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ.

ಕೊಡಗು ಆಗ ಪ್ರತ್ಯೇಕ ರಾಜ್ಯ. ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿದವನು ಮಧ್ಯಾಹ್ನದ ಊಟವನ್ನು ಹೊರರಾಜ್ಯದಲ್ಲಿ ಮಾಡಬಹುದಾದಷ್ಟು ವಿಸ್ತಾರವಾಗಿತ್ತು. ನಾನು ಮಡಿಕೇರಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಒಂದು ದಿನ ಪ್ರಿನ್ಸಿಪಾಲರು ನಮ್ಮನ್ನೆಲ್ಲ ಕೂಡಿಸಿ ಒಂದು ಸುದ್ದಿ ಹೇಳಿದರು. ಅಮೆರಿಕದ ಒಂದು ವಿಶ್ವವಿದ್ಯಾನಿಲಯ ನಮ್ಮ ಕಾಲೇಜಿನ ಒಬ್ಬರನ್ನು ಒಂದು ಸೆಮಿಸ್ಟರ್ ಮಟ್ಟಿಗೆ, ಅಂದರೆ ಅರ್ಧ ವರ್ಷ, ತನ್ನ ಖರ್ಚಿನಲ್ಲೇ ಕರೆಸಿಕೊಂಡು ಓದಿಸುತ್ತದೆ. ಬದಲಿಗೆ ಅಲ್ಲಿಯ ಒಬ್ಬರು ಇಲ್ಲಿಗೆ ಬಂದು, ಹೋದವರ ಮನೆಯಲ್ಲೇ ಉಳಿದು, ನಮ್ಮ ಬೇಸಾಯವನ್ನು ಕಲಿಯುತ್ತಾರೆ. ಇಷ್ಟವಿದ್ದವರು ಹೆಸರು ಕೊಡಬಹುದು.

ಕೊಟ್ಟೆ. ನನಗಿದ್ದ ಅರ್ಹತೆಗಳಲ್ಲಿ ಮುಖ್ಯವಾದುದು ಒಂದು ಟೈ. ಉಳಿದ ಹುಡುಗರ ಮನೆಗಳಲ್ಲಿ ಸಮುದ್ರ ದಾಟುವ ಮಾತೆತ್ತುವುದಕ್ಕೇ ಬಿಡದ ಕಾರಣ ನನ್ನ ಹೆಸರಿನ ಕೆಳಗೆ ಇನ್ನೊಂದು ಹೆಸರು ಬೀಳಲಿಲ್ಲ. ಇದನ್ನು ನಾನು ನನ್ನ ಯೋಗ್ಯತೆ ಎಂದು ತಿಳಿದೆ.

ನನ್ನ ತಂಗಿ ಗೌರಿ ಅದೇ ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಓದುತ್ತಿದ್ದಳು. ನಾವಿಬ್ಬರೂ ಮಡಿಕೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆವು.

"ಹುಡುಗೀರೂ ಹೆಸರು ಕೊಡಬಹುದಾ ಅಣ್ಣಯ್ಯ?" ಎಂದು ಅವಳು ಕೇಳಿದಳು.

"ಅಮೆರಿಕ ಎಷ್ಟು ದೂರ ಅಂತ ಗೊತ್ತಾ ನಿಂಗೆ?"

"ಗೊತ್ತು."

ನನಗೆ ಗೊತ್ತಿರಲಿಲ್ಲವಾದ್ದರಿಂದ ಮಾತನ್ನು ಅಲ್ಲಿಗೇ ನಿಲ್ಲಿಸಿದೆ.

ಉಳಿದದ್ದು ಅಪ್ಪಯ್ಯನ ಒಪ್ಪಿಗೆ. ನಮ್ಮದು ಕೊಡ್ಲಿಪೇಟೆಯ ಹತ್ತಿರದ ಹಳ್ಳಿ. ಸ್ವಲ್ಪ ಗದ್ದೆ, ಅದಕ್ಕಿಂತ ಸ್ವಲ್ಪ ಕಾಫಿ. ದೀಪಾವಳಿಗೆ ಊರಿಗೆ ಹೋದಾಗ ವಿಷಯ ತೆಗೆದೆ. ಅಪ್ಪಯ್ಯ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಮುಂದಿನ್ ವರ್ಷದ ಕುಯ್ಲಿಗೆ ನೀನಿರಲ್ಲ. ನಿನ್ ಕೆಲಸ ಯಾರ್ ಮಾಡ್ತಾರ್ಲಾ?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರದ ಬಗ್ಗೆ ನನಗೆ ಬಹಳ ದಿನ ಹೆಮ್ಮೆಯಿತ್ತು. "ಇದು ಮುಯ್ಯಾಳು ಇದ್ದಂಗೆ ಅಪ್ಪಯ್ಯ. ನಾನು ಅಲ್ಲಿಗೆ ಹೋಗ್ತೀನಿ. ನನ್ನ ಬದ್ಲಿಗೆ ಅಲ್ಲಿಂದ ಒಬ್ರು ನಮ್ಮನೆಗೆ ಬರ್ತಾರೆ."

ನಮ್ಮ ಕಡೆ ನಾಟಿ, ಕುಯ್ಲು ಎಲ್ಲ ನಡೆಯುತ್ತಿದ್ದುದೇ ಮುಯ್ಯಿಯ ಮೇಲೆ. ಇವತ್ತು ನಮ್ಮ ಮನೆಯ ಆಳು ನಿಮ್ಮ ಗದ್ದೆಗೆ ಬಂದರೆ ನಾಳೆ ನಿಮ್ಮ ಮನೆಯ ಆಳು ನಮ್ಮ ಗದ್ದೆಗೆ. ಅದರಲ್ಲಿ ಕೂಲಿಯಿಲ್ಲ, ಆದರೆ ಮಾತು ತಪ್ಪುವಂತಿಲ್ಲ. ಅಪ್ಪಯ್ಯನ ಮುಖ ಅರಳಿತು. ಸೆಮಿಸ್ಟರ್ ಎಂದಾಗ ಹುಬ್ಬು ಗಂಟಿಕ್ಕಿದ್ದವರು ಮುಯ್ಯಿ ಎಂದ ಕೂಡಲೇ ಅಮೆರಿಕವನ್ನು ಪಕ್ಕದ ಹಳ್ಳಿಯ ಲೆಕ್ಕಕ್ಕೆ ಸೇರಿಸಿಬಿಟ್ಟರು.

"ಅಲ್ಲಿ ಏನ್ ಬೆಳೀತಾರೆ?"

"ಜೋಳ ಅಪ್ಪಯ್ಯ."

"ಕುಯ್ತೀಯಾ?"

"ಕುಯ್ದೇ ಕುಯ್ತೀನಿ."

ಒಪ್ಪಿಗೆ ಸಿಕ್ಕಿತು. ಸಂತೆಯ ದಿನದ ಹೊತ್ತಿಗೆ ಕೊಡ್ಲಿಪೇಟೆಗೆಲ್ಲ ಸುದ್ದಿ ಹಬ್ಬಿತ್ತು. ನಾನು ಓದಲು ಹೋಗುತ್ತೇನೆ ಎನ್ನುವುದು ಯಾರಿಗೂ ನೆನಪಿರಲಿಲ್ಲ. ಅಮೆರಿಕದಿಂದ ಆಳು ಬರುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯ ಬಸಪ್ಪಣ್ಣ ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕುಳಿತರು.

"ಆ ಅಮೆರಿಕದೋನ್ನ ನಮ್ ಗದ್ದೆಗೂ ಒಂದಿನ ಕಳಿಸಿ ಗೌಡ್ರೆ. ಬೇಕಾದ್ರೆ ನನ್ ಮಗನ್ನೂ ಒಂದಿನ ಅಮೆರಿಕಕ್ಕೆ ಕಳಿಸ್ತೀನಿ."

ಅಪ್ಪಯ್ಯ ಯೋಚಿಸಿ ಹೇಳುತ್ತೇನೆ ಎಂದರು.

ಜನವರಿಯಲ್ಲಿ, ಕುಯ್ಲು ನಡೆಯುತ್ತಿರುವಾಗಲೇ, ಅಮೆರಿಕದ ಪ್ರೊಫೆಸರರು ಮಡಿಕೇರಿಗೆ ಬಂದರು. ತಮ್ಮ ವಿದ್ಯಾರ್ಥಿ ಉಳಿಯುವ ಮನೆಯನ್ನೂ, ತಾವು ಕರೆದೊಯ್ಯುವ ವಿದ್ಯಾರ್ಥಿಯನ್ನೂ ನೋಡಬೇಕೆಂದು ಪ್ರಿನ್ಸಿಪಾಲರ ಜೊತೆ ನಮ್ಮ ಮನೆಗೇ ಹೊರಟರು. ನಾನು ಗೌರಿಯೊಂದಿಗೆ ಎರಡು ದಿನ ಮುಂಚೆ ಊರು ಸೇರಿ ಸಕಲ ಸಿದ್ಧತೆ ನಡೆಸಿದೆ. ಬಸಪ್ಪಣ್ಣನ ಮನೆಯಿಂದ ಕುರ್ಚಿಗಳು ಬಂದವು. ಮನೆಯವರಿಗೆಲ್ಲ ಬಾಯಿ ತೆರೆಯಬಾರದೆಂದು ಅಪ್ಪಣೆಯಾಯಿತು. ಯಾರು ಏನು ಹೇಳಿದರೂ ಅದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಹೇಳತಕ್ಕದ್ದು. ಪ್ರಿನ್ಸಿಪಾಲರಿಗೆ ಎರಡು ಭಾಷೆಯೂ ಬರುತ್ತದೆ ಎಂಬ ಸಣ್ಣ ಅಂಶವೊಂದು ಈ ಯೋಜನೆಯಲ್ಲಿ ಬಿಟ್ಟುಹೋಗಿತ್ತು.

ಪ್ರೊಫೆಸರರು ಎತ್ತರದ ಆಸಾಮಿ. ಅಕ್ಕಿರೊಟ್ಟಿ ತಿಂದರು, ಕಾಫಿ ಕುಡಿದರು, ಅಮೆರಿಕದಲ್ಲಿ ಏನು ಓದಬೇಕೆಂದಿದ್ದೀಯ ಎಂದು ನನ್ನನ್ನು ಕೇಳಿದರು.

"ಎಲ್ಲವನ್ನೂ ಸಾರ್," ಎಂದೆ.

ಅವರು ತಲೆಯಾಡಿಸಿದರು. ಆಮೇಲೆ ತಾವು ಕಳುಹಿಸುವುದು ಒಬ್ಬ ಹುಡುಗಿಯನ್ನೆಂದೂ, ಹೆಸರು ಮಾರ್ಥಾ ಎಂದೂ, ರೈತರ ಮಗಳೆಂದೂ ಹೇಳಿದರು. ಮನೆಯಲ್ಲಿ ಟ್ರಾಕ್ಟರ್ ಓಡಿಸುವವಳು ಅವಳೇ, ಹಸುಗಳ ಹಾಲು ಕರೆಯುವವಳೂ ಅವಳೇ.

ಪ್ರಿನ್ಸಿಪಾಲರು ಇದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪಯ್ಯ ಗಂಭೀರರಾದರು. ನನ್ನನ್ನು ನೋಡಿದರು. ನನ್ನ ಕೈ ನೋಡಿದರು. ಆಮೇಲೆ ಎದ್ದು ನಿಂತು ಕೈಮುಗಿದರು.

"ಸ್ವಾಮಿ, ಮುಯ್ಯಲ್ಲಿ ಒಂದ್ ನ್ಯಾಯ ಅದೆ. ಗಟ್ಟಿ ಆಳು ಕಳಿಸ್ದೋರಿಗೆ ಗಟ್ಟಿ ಆಳೇ ಕಳಿಸ್ಬೇಕು. ಅಂಥಾ ಹುಡುಗೀಗೆ ಬದ್ಲು ಇವನ್ನ ಕಳಿಸ್ಬುಟ್ರೆ ಆ ಮನೆಯೋರಿಗೆ ನಾನ್ ಯಾವ್ ಮುಖ ತೋರಿಸ್ಲಿ?"

"ಏನು ಹೇಳುತ್ತಿದ್ದಾರೆ?" ಎಂದು ಪ್ರೊಫೆಸರರು ನನ್ನನ್ನು ಕೇಳಿದರು.

ನಾನು ತುಂಬ ಶ್ರಮಜೀವಿಯೆಂದೂ, ನನ್ನನ್ನು ಬಿಟ್ಟಿರುವುದು ಮನೆಯವರಿಗೆ ಕಷ್ಟವೆಂದೂ ಹೇಳುತ್ತಿದ್ದಾರೆ ಎಂದು ತಿಳಿಸಿದೆ. ಪ್ರಿನ್ಸಿಪಾಲರು ಕೆಮ್ಮಿದರು. ಆಮೇಲೆ ಅಪ್ಪಯ್ಯನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದರು. ಅಂಥ ಒಳ್ಳೆಯ ಇಂಗ್ಲಿಷನ್ನು ಅವರು ತರಗತಿಯಲ್ಲಿ ಒಂದು ದಿನವೂ ಆಡಿದ್ದಿಲ್ಲ.

"ಅಪ್ಪಯ್ಯ, ನಾನು ಹೋಗೋದು ಓದಕ್ಕೆ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

"ಮುಯ್ಯಿ ಅಂತ ಹೇಳ್ದೋನು ನೀನೇ ಅಲ್ವೇನ್ಲಾ?"

ಮಾನ ಉಳಿಸಿಕೊಳ್ಳಲು ಇದ್ದ ದಾರಿ ಒಂದೇ, ಗದ್ದೆ. ಬನ್ನಿ ಸಾರ್, ನಾನು ಕುಯ್ಯುವುದನ್ನು ನೀವೇ ನೋಡಿ ಎಂದು ಪ್ರೊಫೆಸರರನ್ನು ಕರೆದುಕೊಂಡು ಹೊರಟೆ. ಯಾರೂ ಕೇಳಿರಲಿಲ್ಲ.

ಗದ್ದೆಯಲ್ಲಿ ಮುಯ್ಯಾಳುಗಳು ಸಾಲಾಗಿ ಕುಯ್ಯುತ್ತಿದ್ದರು. ನಡುವೆ ಗೌರಿಯೂ ಇದ್ದಳು. ನಾನು ಕುಡುಗೋಲು ಹಿಡಿದು ಅವಳ ಪಕ್ಕದಲ್ಲಿ ಬಗ್ಗಿದೆ. ಮೊದಲ ಹಿಡಿ ಚೆನ್ನಾಗಿಯೇ ಬಂತು. ಎರಡನೆಯ ಹಿಡಿಯಲ್ಲಿ ಭತ್ತದ ಜೊತೆ ನನ್ನ ಟೈಯೂ ಸೇರಿತ್ತು. ಕುಡುಗೋಲು ಭೇದಭಾವ ಮಾಡಲಿಲ್ಲ. ಕೊರಳಲ್ಲಿ ಉಳಿದ ಗೇಣುದ್ದದ ಟೈಯಲ್ಲೇ ಮುಂದುವರಿದೆ. ಸಾಲು ಮುಂದೆ ಹೋಯಿತು. ನಾನು ಇದ್ದಲ್ಲೇ ಇದ್ದೆ. ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನೋಡಿದರೆ ನನ್ನ ಸುತ್ತ ಗದ್ದೆಯೆಲ್ಲ ಬಯಲಾಗಿ, ನನ್ನ ಮುಂದಿನ ಪಟ್ಟಿಯೊಂದೇ ನಿಂತಿತ್ತು. ಅದರ ಆಚೆ ತುದಿಯಿಂದ ಗೌರಿ ಕುಯ್ಯುತ್ತಾ ನನ್ನ ಕಡೆಗೆ ಬರುತ್ತಿದ್ದಳು. ನಾವು ಎದುರುಬದುರಾದದ್ದು ನಾನು ಶುರುಮಾಡಿದ ಜಾಗದಲ್ಲೇ.

ಪ್ರೊಫೆಸರರು ಬದುವಿನ ಮೇಲಿಂದ ಅವಳನ್ನು ಮಾತಾಡಿಸಿದರು. ಅವಳು ತನ್ನ ಕಟ್ಟಿನಿಂದ ಬೆಳ್ಳಗೆ ಒಣಗಿದ ಒಂದು ತೆನೆಯನ್ನು ಎಳೆದು ತೋರಿಸಿದಳು. ಪ್ರತಿ ವರ್ಷ ಕೆಳಗಿನ ಗದ್ದೆಯಲ್ಲಿ ತೆನೆ ಹೀಗೆ ಜೊಳ್ಳಾಗುತ್ತದೆ, ಮೇಲಿನದರಲ್ಲಿ ಆಗುವುದಿಲ್ಲ, ಇದಕ್ಕೆ ಕಾರಣ ಯಾರನ್ನು ಕೇಳಿದರೂ ಗೊತ್ತಾಗಿಲ್ಲ ಎಂದು ಸರಳವಾದ ಇಂಗ್ಲಿಷಿನಲ್ಲಿ ಹೇಳಿದಳು. ಪ್ರೊಫೆಸರರು ಶೂ ಬಿಚ್ಚಿ ಗದ್ದೆಗಿಳಿದರು. ಅವರಿಬ್ಬರೂ ಕೆಳಗಿನ ಗದ್ದೆಯ ಕಡೆ ಹೋದವರು ಊಟದ ಹೊತ್ತಾದರೂ ಬರಲಿಲ್ಲ. ನನ್ನ ಅಮೆರಿಕ ಪ್ರಯಾಣ ಅಲ್ಲಿಗೆ ಮುಗಿಯಿತೆಂದು ನನಗೆ ಅರ್ಥವಾಯಿತು. ಸುಳ್ಳು ಹೇಳುವುದಿಲ್ಲ, ಕಣದ ಹಿಂದೆ ಹೋಗಿ ಕುಳಿತು ಅತ್ತುಬಿಟ್ಟೆ.

ಬಂದವರು ಗೌರಿಯನ್ನೇ ಕಳಿಸಿ ಎಂದರು, ಗಟ್ಟಿ ಆಳು ಸಿಕ್ಕಿತೆಂದು ಅಪ್ಪಯ್ಯ ಒಪ್ಪಿಬಿಟ್ಟರು. ಕೊನೆಯ ಆಸೆ ಅವ್ವನ ಮೇಲಿತ್ತು. ಹೆಣ್ಣುಮಗಳನ್ನು ಅಷ್ಟು ದೂರ ಅವ್ವ ಕಳಿಸುವುದುಂಟೇ? ಅವ್ವ ನನ್ನನ್ನು ನಿರಾಶೆಗೊಳಿಸಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ಆಗುವುದೇ ಇಲ್ಲ ಎಂದರು. ಆಮೇಲೆ ಒಂದು ಮಾತು ಕೇಳಿದರು.

"ಅಲ್ಲಿಂದ ಬರೋ ಹುಡುಗಿಗೂ ತಾಯಿ ಅವಳಾ?"

"ಇದ್ದಾರೆ ತಾಯಿ," ಎಂದರು ಪ್ರಿನ್ಸಿಪಾಲರು.

"ಆವಮ್ಮ ನನ್ನ ನಂಬಿ ಮಗಳನ್ನ ಕಳಿಸ್ತಾಳೆ ಅಂದ್ಮೇಲೆ ನಾನ್ ಕಳಿಸ್ದೆ ಇರಕ್ಕಾಗ್ತದಾ?"

ಗೌರಿ ಅವ್ವನ ಕುತ್ತಿಗೆಗೆ ಜೋತುಬಿದ್ದಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೂ ಸಂತೋಷವಾಯಿತು, ಆದರೆ ಅದಕ್ಕೆ ಸುಮಾರು ಒಂದು ತಿಂಗಳು ಹಿಡಿಯಿತು.

ಮಳೆಗಾಲದ ಕೊನೆಗೆ ಗೌರಿ ಬೊಂಬಾಯಿಯಲ್ಲಿ ಹಡಗು ಹತ್ತಿದಳು. ಮಾರ್ಥಾ ಕೊಡ್ಲಿಪೇಟೆಯಲ್ಲಿ ಬಸ್ಸಿಳಿದಳು. ಅವಳು ಬೆಳಗಾಗುವ ಮೊದಲೇ ಎದ್ದು ಕೊಟ್ಟಿಗೆಯಲ್ಲಿರುತ್ತಿದ್ದಳು. ಕುಯ್ಲಿಗೆಂದು ನಾನೂ ಊರಿಗೆ ಬಂದಾಗ, ಕುಡುಗೋಲು ಹಿಡಿಯುವುದನ್ನು ಅವ್ವ ತೋರಿಸಿಕೊಟ್ಟ ಮಾರನೆಯ ದಿನವೇ ನನ್ನನ್ನು ಹಿಂದೆ ಹಾಕಿದಳು. ಬಸಪ್ಪಣ್ಣನ ಗದ್ದೆಗೂ ಒಂದು ದಿನ ಹೋಗಿಬಂದಳು. ಅಪ್ಪಯ್ಯ ಅವಳ ಕುಯ್ಲನ್ನು ತೋರಿಸಲು ದಾರಿಹೋಕರನ್ನೆಲ್ಲ ಕರೆಯುತ್ತಿದ್ದರು. ಆಗೆಲ್ಲ ನಾನು ಕಾಫಿ ಗಿಡಗಳ ಕಡೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ತೊಂದರೆ ಬಂದದ್ದು ಕೊನೆಯಲ್ಲಿ. ಗೌರಿ ಗೊತ್ತುಪಡಿಸಿದ ದಿನಕ್ಕೆ ಸರಿಯಾಗಿ ಅಲ್ಲಿಂದ ಹೊರಟಳು. ಮಾರ್ಥಾ ಮಾತ್ರ ಒಕ್ಕಣೆ ಮುಗಿಯದೆ ಹೋಗುವುದಿಲ್ಲವೆಂದು ಇನ್ನೊಂದು ವಾರ ಉಳಿದು ದುಡಿದಳು. ಅವಳು ಹೋದ ಮೇಲೆ ಅಪ್ಪಯ್ಯನಿಗೆ ಊಟ ಸೇರಲಿಲ್ಲ. ಒಂದು ವಾರದ ಮುಯ್ಯಿ ನಮ್ಮ ಕಡೆಯಿಂದ ಬಾಕಿ ನಿಂತಿತ್ತು. ಇದುವರೆಗೆ ಯಾರ ಮನೆಯ ಮುಯ್ಯಿಯನ್ನೂ ಅವರು ಉಳಿಸಿಕೊಂಡವರಲ್ಲ.

ನನಗೆ ಮತ್ತೆ ಆಸೆ ಚಿಗುರಿತು. ನೇರವಾಗಿ ಹೋಗಿ ಎದುರಿಗೆ ನಿಂತೆ.

"ಅಪ್ಪಯ್ಯ, ನಾನ್ ಹೋಗಿ ತೀರಿಸ್ಕೊಂಡ್ ಬರ್ತೀನಿ."

ಅಪ್ಪಯ್ಯ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು.

"ಬ್ಯಾಡ ಬುಡು ಮಗ. ನೀನ್ ಹೋದ್ರೆ ಬಾಕಿ ಇನ್ನೂ ಏರ್ತದೆ."

ಕೊನೆಗೆ ನನ್ನ ಬದಲು ಒಂದು ಚೀಲ ಕಾಫಿಬೀಜ ಅಮೆರಿಕಕ್ಕೆ ಹೋಯಿತು. ಕೊಡ್ಲಿಪೇಟೆಯವರೆಗೆ ಅದನ್ನು ಹೊತ್ತು ಬಸ್ಸಿಗೆ ಹಾಕಿದವನು ನಾನೇ. ಬಸ್ಸು ಹೊರಟಾಗ ಅದಕ್ಕೆ ಕೈಬೀಸಿದೆನೆಂದು ಬಸಪ್ಪಣ್ಣ ಈಗಲೂ ಹೇಳುತ್ತಾರೆ.