ಒಂಬೈನೂರಕ್ಕೆ ಹೋದ ರೊಟ್ಟಿ ಡಾಟ್ ಕಾಂ

ಸುರಪುರದ ಗುಮಾಸ್ತ ಹಣಮೇಶ ಆ ಯುಗಾದಿಯಂದು ಭೀಷಣ ಪ್ರತಿಜ್ಞೆ ಮಾಡಿದ: ತಾನಿನ್ನು ಬರೀ ಫೈಲು ಹೊರುವವನಲ್ಲ, ಹೆಸರು ಮಾರುವ ಸಾಹುಕಾರ! ಇಂಟರ್ನೆಟ್ ವಿಳಾಸವಾಗಬಲ್ಲ ಹೆಸರುಗಳನ್ನು ಅಗ್ಗಕ್ಕೆ ಹಿಡಿದಿಟ್ಟು, ಬೇಕಾದವರಿಗೆ ದುಬಾರಿಗೆ ಮಾರುವ ವ್ಯಾಪಾರ. ಯಾದಗಿರಿಪಿಜ್ಜಾ ಡಾಟ್ ಕಾಂ, ಭೀಮಾಬೀಚ್ ಡಾಟ್ ಕಾಂ ಎಂದು ಹತ್ತೊಂಬತ್ತು ಕೊಂಡ. ಬೆಲೆ ಕಟ್ಟುವ ಜಾಲತಾಣವೊಂದು ವನದುರ್ಗವಿಮಾನ ಡಾಟ್ ಕಾಂಗೆ ಒಂದೂವರೆ ಲಕ್ಷ ಎಂದಿತು. ಆ ಹಳ್ಳಿಯಲ್ಲಿ ವಿಮಾನ ಇಳಿದರೆ ಅಲ್ಲಿನ ಹಳೇ ಕೋಟೆಯ ಮೇಲೇ ಇಳಿಯಬೇಕೆಂದು ಅದಕ್ಕೇನು ಗೊತ್ತು!

“ನಿಮ್ಮಪ್ಪ ಹಲ್ಲು ನೋಡಿ ಎತ್ತಿನ ರೇಟು ಹೇಳ್ತಾನ. ನಾ ಅಕ್ಷರ ನೋಡಿ ಹೇಳ್ತೀನಿ!” ಎಂದು ಹೆಂಡತಿ ದುರ್ಗಾದೇವಿಯ ಮುಂದೆ ಮೀಸೆ ತಿರುವಿದ. ಅವಳಪ್ಪ ದೇವಾಪುರದ ಬಾಲಪ್ಪ, ದನದ ಸಂತೆಯ ಹಳೇ ದಲಾಲ.

“ಹಂಗಾರ ನನ್ನ ರೊಟ್ಟಿ ಹೆಸರಿಗೆ ಎಷ್ಟ ಬರ್ತದರಿ?”

ಖಡಕ್ ರೊಟ್ಟಿ ಮಾರಲೆಂದು ಅವನೇ ಮಾಡಿಕೊಟ್ಟಿದ್ದ ದೇವಾಪುರದುರ್ಗಾರೊಟ್ಟಿ ಡಾಟ್ ಕಾಂ ಅದು. ಹೈದರಾಬಾದಿನ ಆರ್ಡರುಗಳೂ ಅದರಿಂದಲೇ ಬರುತ್ತಿದ್ದವು. ಅವಳ ಜೊತೆ ಇನ್ನೂ ಮೂವರು ಹೆಂಗಸರು ಅದನ್ನೇ ನೆಚ್ಚಿಕೊಂಡಿದ್ದರು.

“ಅದಾ? ಮುದಿ ಎತ್ತು! ಉದ್ದ ಹೆಸರು, ಸಣ್ಣ ಊರು. ಒಂಬೈನೂರಕ್ಕ ಕೇಳಿದ್ರ ಕಣ್ಣ ಮುಚ್ಚಿ ಕೊಡ್ತೀನಿ!”

ಮಾತಿನ ಭರದಲ್ಲಿ ಇಪ್ಪತ್ತನ್ನೂ ಮಾರಾಟದ ಪಟ್ಟಿಗೆ ಏರಿಸಿಯೇ ಬಿಟ್ಟ. ಹತ್ತೊಂಬತ್ತಕ್ಕೆ ಲಕ್ಷದ ಲೆಕ್ಕ, ರೊಟ್ಟಿಗೆ ಒಂಬೈನೂರು.

ಆಮೇಲೆ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಲ್ಲುಜ್ಜುವಾಗಲೂ ಮೊಬೈಲು, ಶಹಾಪುರದ ಬಸ್ಸಿನಲ್ಲೂ ಮೊಬೈಲು. ನಾಲ್ಕನೇ ದಿನ ಟಿಣ್ ಎಂದಿತು. ಒಂದು ಮಾರಾಟವಾಗಿದೆ! ಕಚೇರಿಗೆಲ್ಲ ಜಿಲೇಬಿ ಹಂಚಿದ ಮೇಲೆ, ಯಾವುದು ಹೋಯಿತೆಂದು ನೋಡಿದ. ರೊಟ್ಟಿ ಹೋಗಿತ್ತು.

“ಯಾಕ್ರಿ, ಇವತ್ತ ಒಂದೂ ಆರ್ಡರ್ ಬಂದಿಲ್ಲಲ್ಲ?” ಸಂಜೆ ದುರ್ಗಾದೇವಿ ಕೇಳಿದಳು.

“ನೆಟ್‌ವರ್ಕ್ ಹೋಗ್ಯಾದ!” ಎಂದವನೇ ಮೊಬೈಲು ಹಿಡಿದು ಹಿತ್ತಲಿಗೆ ಓಡಿದ.

ಕೊಂಡವರ ಹೆಸರನ್ನು ಜಾಲತಾಣ ತೋರಿಸುತ್ತಿರಲಿಲ್ಲ. ಅದರ ಮೂಲಕವೇ ವಾಪಸ್ ಕೊಡಿ ಎಂದು ಸಂದೇಶ ಕಳಿಸಿದ. ಐದು ಸಾವಿರ ಎಂದು ಉತ್ತರ ಬಂತು. ಹತ್ತೇ ನಿಮಿಷಕ್ಕೆ ಮತ್ತೆ ಬೇಡಿಕೊಂಡ. ಎಂಟು ಸಾವಿರ! “ನನ್ನ ಹೆಂಡ್ತಿ ಜೀವ ತೆಗೀತಾಳ್ರಿ” ಎಂದು ಬರೆದ. ಹನ್ನೆರಡು ಸಾವಿರ!

ಮರ್ಯಾದೆ ಬದಿಗಿಟ್ಟು ಮಾವನ ಬಳಿ ಓಡಿದ. ಬಾಲಪ್ಪ ಎಲ್ಲ ಕೇಳಿ ನಕ್ಕ. “ಎತ್ತಿನ ಕಡಿ ತಿರುಗಿ ತಿರುಗಿ ನೋಡಿದ್ರ ರೇಟು ಏರೂದ, ಅಳಿಯಾರ. ಆಯ್ತಾರಕ್ಕ ಅವ್ರನ್ನ ಇಲ್ಲಿಗೇ ಕರಸ್ರಿ.”

ಕೊಂಡವರು ಒಪ್ಪಿದರು. ಭಾನುವಾರ ಬಾಲಪ್ಪ ಪಡಸಾಲೆಯಲ್ಲಿ ಟವೆಲ್ ಹರಡಿದ. ನಾಲ್ವರಿಗೆ ಬೆಲೆ ಕೇಳಬಾರದೆಂದು ಸಂತೆಯಲ್ಲಿ ಅದರ ಕೆಳಗೇ ಬೆರಳು ಹಿಡಿದು ವ್ಯಾಪಾರ ಮಾಡುವುದು. ಬೆರಳೆಷ್ಟೋ ಬೆಲೆ ಅಷ್ಟು.

“ಕಣ್ಣ ಮುಚ್ಚಿ ಕೈ ಇಡ್ರಿ. ಕಣ್ಣ ಮುಚ್ಚೂದು ನಿಮಗ ರೂಢಿ ಅದ ಅಂತಲ್ಲ?”

ಹಣಮೇಶ ಕಣ್ಣು ಮುಚ್ಚಿದ. ಬಳೆ ಸದ್ದಾಯಿತು. ರೊಟ್ಟಿ ಬಡಿದು ಗಟ್ಟಿಯಾದ ಅಂಗೈಯೊಂದು ಅವನ ಕೈ ಹಿಡಿಯಿತು. ಹದಿನಾರು ವರ್ಷದಿಂದ ಬಲ್ಲ ಅಂಗೈ! ನಾಚಿಕೆಯೂ ಆಯಿತು, ಹೋದ ಜೀವ ಬಂದಂತೆಯೂ ಆಯಿತು.

“ನೀನಾ ಕೊಂಡಿದ್ದು?”

“ಮತ್ತ? ಅಗ್ಗಕ್ಕ ಸಿಕ್ತು, ತೊಗೊಂಡೆ. ಆರ್ಡರ್ ಬಂದಿಲ್ಲ ಅಂದದ್ದು ಸುಳ್ಳು, ಒಂದೂ ತಪ್ಪಿಲ್ಲರಿ” ಎಂದು ದುರ್ಗಾದೇವಿ ಅವನ ನಾಲ್ಕು ಬೆರಳು ಒತ್ತಿದಳು.

“ನಾಕ ಸಾವಿರ ಏನು?”

“ರೊಕ್ಕ ಯಾರಿಗೆ ಬೇಕಾಗ್ಯಾದ? ನಾಕ ತಿಂಗಳು. ದಿನಾ ಮುಂಜಾನಿ ಹಿಟ್ಟು ನಾದಬೇಕು.”

“ಭಾಳ ಆತು, ಸ್ವಲ್ಪ ಕಡಿಮಿ ಮಾಡು...”

ದುರ್ಗಾದೇವಿ ಟವೆಲ್ಲಿನ ಕೆಳಗೆ ಅವನ ಐದನೇ ಬೆರಳನ್ನೂ ಹಿಡಿದಳು.